ಮನೆಯಿಂದ ಹೊರಟ ಆಕಾಶವಾಣಿ



ಜಿನನಾಥಪುರದ ಹುಡುಗನೊಬ್ಬ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಜೋಡಿಸಿ ತಂದ. "ಸರ್, ದನಿಯೇ ಬರುತ್ತಿಲ್ಲ, ಬಿಸಾಡಿಬಿಡ್ತೀನಿ" ಎಂದ. ಅವನಿಗೆ ಮೊದಲು ಮೈಸೂರಿನ ಕಥೆ ಹೇಳಿದೆ.

ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಮೊದಲ ಟ್ರಾನ್ಸ್‌ಮಿಟರಿನ ಶಕ್ತಿ ಕೇವಲ 30 ವ್ಯಾಟ್, ಮನೆಯ 40 ವ್ಯಾಟ್ ಬಲ್ಬಿಗಿಂತಲೂ ಕಡಿಮೆ! ಆಮೇಲೆ 250 ವ್ಯಾಟಿನದು ಬಂತು. ಅವರ ನಿಲಯದ ಹೆಸರು 'ಆಕಾಶವಾಣಿ'. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. 1957ರಿಂದ ಅದೇ ಹೆಸರು ಇಡೀ ದೇಶದ ಬಾನುಲಿಯದಾಯಿತು.

ನಂತರ ಇಬ್ಬರೂ ದೋಷ ಹುಡುಕಲು ಕುಳಿತೆವು. ಬ್ಯಾಟರಿಯ ವೋಲ್ಟೇಜು ಸರಿಯಿತ್ತು. ಟ್ರಾನ್ಸಿಸ್ಟರಿನ ಮೂರು ಕಾಲುಗಳೂ ತಮ್ಮ ಜಾಗದಲ್ಲಿದ್ದವು. ಬೆಸುಗೆಯೂ ಗಟ್ಟಿಯಾಗಿತ್ತು. ರೇಡಿಯೋ ಮುಳ್ಳನ್ನು ನಿಧಾನವಾಗಿ ತಿರುಗಿಸಿದಾಗ ಒಂದೆಡೆ 'ಶ್' ಸದ್ದು ತಟ್ಟನೆ ನಿಂತಿತು. ಅಂದರೆ ಅಲೆ ಹೊರಡುತ್ತಿತ್ತು, ನಾವು ಬೇರೆಡೆ ಹುಡುಕುತ್ತಿದ್ದೆವು! ಮೈಕಿನ ಧನ-ಋಣ ತುದಿಗಳು ಅದಲುಬದಲಾಗಿದ್ದವು. ಸರಿಪಡಿಸಿದೊಡನೆ ಅವನದೇ ದನಿ ಕೇಳಿಸಿತು.

ಒಂದು ಎಚ್ಚರಿಕೆ: ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಆದ್ದರಿಂದ ಶಿಕ್ಷಕರನ್ನು ಕೇಳಿ, ನಿಯಮ ತಿಳಿದೇ ಇಂಥ ಪ್ರಯೋಗಕ್ಕೆ ಕೈ ಹಾಕಿ.

ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ಮೇಷ್ಟ್ರು. ಅವರಿಗಿದ್ದದ್ದು ಆಸಕ್ತಿ ಮತ್ತು ತಾಳ್ಮೆ. ಕೆಟ್ಟ ಸರ್ಕ್ಯೂಟನ್ನು ಬಿಸಾಡುವ ಮೊದಲು ಒಮ್ಮೆ ಅವರನ್ನು ನೆನೆಯಿರಿ.