ಬೀಳುವ ದೇಹದ ಚರಿತ್ರೆ

ಬ್ರಹ್ಮಾವರದ ಆಸುಪಾಸಿನಲ್ಲಿ ‘ಪ್ರಾತ್ಯಕ್ಷಿಕೆ’ ಎಂದೊಡನೆ ನೆನಪಾಗುವುದು ಯಕ್ಷಗಾನ. ಬಡಗುತಿಟ್ಟಿನ ಹಾರಾಡಿ ಮತ್ತು ಮಟಪಾಡಿ ಶೈಲಿಗಳು ಈ ಸೀಮೆಯ ಎರಡು ಊರುಗಳ ಹೆಸರನ್ನೇ ಹೊತ್ತಿವೆ. ಪ್ರಾತ್ಯಕ್ಷಿಕೆಯಲ್ಲಿ ಕಲಾವಿದರು ಒಂದು ಹೆಜ್ಜೆಯನ್ನು ನಿಧಾನಕ್ಕೆ ಬಿಡಿಸಿ ತೋರಿಸುತ್ತಾರೆ, ನಡುವೆ ನಿಲ್ಲಿಸಿ ವಿವರಿಸುತ್ತಾರೆ. ಆಟವನ್ನು ಹೇಗೆ ಕಟ್ಟಲಾಗಿದೆ ಎಂಬುದನ್ನು ಬಿಚ್ಚಿಡುವುದೇ ಅದರ ಉದ್ದೇಶ. ವಿಡಿಯೊ ಗೇಮುಗಳ ಲೋಕದ ‘ಡೆಮೊ’ ಎಂಬ ಮಾತಿಗೂ ಅರ್ಥ ಇದೇ. ಆದರೆ ಅಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಇನ್ನೂ ಮುಗಿಯದ ಗೇಮೊಂದರ ಕೆಲವು ನಿಮಿಷಗಳನ್ನು ಆಯ್ದು, ಕಟ್ಟಿದ್ದು ಕಾಣದ ಹಾಗೆ ತೋರಿಸುತ್ತಾರೆ. ಕಟ್ಟಿದ್ದು ಕಾಣುವುದು ಲೆಕ್ಕ ತಪ್ಪಿದಾಗ ಮಾತ್ರ. ಸತ್ತು ಬಿದ್ದ ಸೈನಿಕನ ಕಾಲು ಗೋಡೆಯೊಳಗೆ ಸಿಕ್ಕಿ ನಡುಗುತ್ತಲೇ ಇರುತ್ತದೆ. ಸುಮ್ಮನೆ ನಿಂತಿದ್ದ ಕಾರು ಆಕಾಶಕ್ಕೆ ಚಿಮ್ಮುತ್ತದೆ. ಇದನ್ನೇ ಆಡುವವರು ‘ಗ್ಲಿಚ್’ ಎನ್ನುತ್ತಾರೆ. ಆಕ್ಷನ್ ಗೇಮುಗಳಿಗೆ ನೈಜ ಭೌತಶಾಸ್ತ್ರ ಹೇಗೆ ಬಂತು ಎಂಬ ಚರಿತ್ರೆಗೆ ಡೆಮೊಗಳಿಗಿಂತ ಈ ಗ್ಲಿಚ್ಚುಗಳೇ ಹೆಚ್ಚು ನಂಬಬಹುದಾದ ಆಕರ ಎಂಬುದು ನನ್ನ ವಾದ.

1990ರ ದಶಕದ ಆಕ್ಷನ್ ಗೇಮುಗಳಲ್ಲಿ ಸಾವು ಸಾಮಾನ್ಯವಾಗಿ ಮೊದಲೇ ಚಿತ್ರಿಸಿಟ್ಟ ಚಲನೆಯಾಗಿತ್ತು. ಶತ್ರುವಿಗೆ ಗುಂಡು ಮೆಟ್ಟಿಲ ಮೇಲೆ ತಗುಲಲಿ, ಬಯಲಿನಲ್ಲಿ ತಗುಲಲಿ, ಅವನು ಬೀಳುವ ರೀತಿ ಒಂದೇ. ಈ ಕಟ್ಟಳೆಯನ್ನು ಮುರಿಯಲು ಹೊರಟ ಗೇಮುಗಳಲ್ಲಿ ಮುಖ್ಯವಾದದ್ದು 1998ರಲ್ಲಿ ಡ್ರೀಮ್‌ವರ್ಕ್ಸ್ ಇಂಟರಾಕ್ಟಿವ್ ತಯಾರಿಸಿದ ‘ಟ್ರೆಸ್‌ಪಾಸರ್’. ಜುರಾಸಿಕ್ ಪಾರ್ಕ್ ಸಿನಿಮಾಗಳ ಜಗತ್ತನ್ನು ಆಧರಿಸಿದ ಈ ಗೇಮಿನ ಮುಂದಾಳು ಭೌತಶಾಸ್ತ್ರ ಓದಿದ್ದ ಸೀಮಸ್ ಬ್ಲ್ಯಾಕ್ಲಿ. ಡೈನೊಸಾರುಗಳ ಹೆಜ್ಜೆಯನ್ನೂ ಚಿತ್ರಿಸಿಡದೆ ಆ ಕ್ಷಣದಲ್ಲೇ ಲೆಕ್ಕ ಹಾಕಬೇಕೆಂಬುದು ಅವರ ಹಟ. ಆಡುವವರು ಮೌಸ್ ಹಿಡಿದು ನಾಯಕಿಯ ಒಂದು ಕೈಯನ್ನು ಆಡಿಸಬೇಕಿತ್ತು. ಆ ಕೈ ರಬ್ಬರಿನಂತೆ ತಿರುಚಿಕೊಂಡಿತು, ಡೈನೊಸಾರುಗಳು ಕುಡಿದವರಂತೆ ತೂರಾಡಿದವು, ಗೇಮ್ ಸೋತಿತು. ಬ್ಲ್ಯಾಕ್ಲಿ ಮುಂದೆ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕಟ್ಟಿದವರಲ್ಲಿ ಒಬ್ಬರಾದರು.

ಎರಡು ವರ್ಷಗಳ ನಂತರ, 2000ದಲ್ಲಿ, ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ಸಂಸ್ಥೆಯ ‘ಹಿಟ್‌ಮ್ಯಾನ್: ಕೋಡ್‌ನೇಮ್ 47’ ಬಂತು. ಅದರ ಭೌತಶಾಸ್ತ್ರವನ್ನು ರೂಪಿಸಿದ ಥಾಮಸ್ ಯಾಕೊಬ್ಸೆನ್ ತಮ್ಮ ವಿಧಾನವನ್ನು 2001ರಲ್ಲಿ ಪ್ರಬಂಧವಾಗಿ ಮಂಡಿಸಿದರು. ದ್ರವದ ಅಣುಗಳ ಚಲನೆಯನ್ನು ಗಣಕದಲ್ಲಿ ಲೆಕ್ಕ ಹಾಕಲು ಫ್ರೆಂಚ್ ವಿಜ್ಞಾನಿ ಲೂ ವೆರ್ಲೆ 1967ರಲ್ಲಿ ಬಳಸಿದ ಸೂತ್ರವೇ ಅದರ ತಳಹದಿ. ದೇಹವೆಂದರೆ ಕೆಲವು ಬಿಂದುಗಳು, ಅವುಗಳನ್ನು ಜೋಡಿಸುವ ಕಡ್ಡಿಗಳು. ಪ್ರತಿ ಹಂತದಲ್ಲೂ ಮೊದಲು ಬಿಂದುಗಳನ್ನು ಗುರುತ್ವಕ್ಕೆ ಬಿಟ್ಟುಕೊಡಬೇಕು. ಆಮೇಲೆ ಕಡ್ಡಿಗಳ ಉದ್ದವನ್ನು ಒಂದೊಂದಾಗಿ ಸರಿಪಡಿಸಬೇಕು. ಒಂದನ್ನು ಸರಿಪಡಿಸಿದರೆ ಪಕ್ಕದ್ದು ಕೆಡುತ್ತದೆ. ಹೀಗೆ ನಾಲ್ಕಾರು ಸುತ್ತು ತಿದ್ದಿ, ಉಳಿದ ಸಣ್ಣ ತಪ್ಪನ್ನು ಒಪ್ಪಿಕೊಂಡು ಮುಂದಕ್ಕೆ ಹೋಗಬೇಕು. ಇಂಥ ದೇಹಕ್ಕೆ ಗೇಮ್ ಲೋಕ ಇಟ್ಟ ಹೆಸರು ‘ರ‍್ಯಾಗ್‌ಡಾಲ್’, ಅಂದರೆ ಚಿಂದಿಬಟ್ಟೆಯ ಗೊಂಬೆ.

ಗೊಂಬೆ ಎಂದಾಗ ಕುಂದಾಪುರದ ಬಳಿಯ ಉಪ್ಪಿನಕುದ್ರುವನ್ನು ನೆನೆಯದೆ ಇರಲಾಗದು. ಕೊಗ್ಗ ದೇವಣ್ಣ ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟದಲ್ಲಿ ಮರದ ಗೊಂಬೆಗಳು ಬಡಗುತಿಟ್ಟಿನ ವೇಷ ತೊಟ್ಟು, ಸೂತ್ರದ ಬಲದಿಂದ ಕುಣಿಯುತ್ತವೆ. ಆ ಗೊಂಬೆಯ ಭಾರ ನಿಜವಾದದ್ದು. ಗುರುತ್ವ ಅದಕ್ಕೆ ಪುಕ್ಕಟೆ ಸಿಗುತ್ತದೆ, ದಾರ ಬಿಟ್ಟರೆ ಯಾವ ಕಲಿಕೆಯೂ ಇಲ್ಲದೆ ಸರಿಯಾಗಿಯೇ ಬೀಳುತ್ತದೆ. ಕಷ್ಟವಿರುವುದು ಅದಕ್ಕೆ ಇಚ್ಛೆಯನ್ನು ತುಂಬುವುದರಲ್ಲಿ, ಭೀಮನ ಗತ್ತು ಬರುವಂತೆ ನಿಲ್ಲಿಸುವುದರಲ್ಲಿ. ಗಣಕದ ಗೊಂಬೆಯ ಕಷ್ಟ ತಿರುಗುಮುರುಗು. ಗತ್ತಿನ ನಿಲುವನ್ನು ಚಿತ್ರಿಸಿ ಕೊಟ್ಟುಬಿಡಬಹುದು. ಬೀಳುವುದನ್ನು ಮಾತ್ರ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಕೊಡಬೇಕು.

ಲೆಕ್ಕ ಎಲ್ಲಿ ಜಾರುತ್ತದೆ? ನಿಜಲೋಕದ ಕಾಲ ಹೊಳೆಯಂತೆ ಹರಿದರೆ, ಗೇಮಿನ ಕಾಲ ತುಂಡುತುಂಡಾಗಿ ಸಾಗುತ್ತದೆ. ಒಂದು ತುಂಡು ಸೆಕೆಂಡಿನ 60ನೇ ಒಂದು ಭಾಗ ಎಂದುಕೊಳ್ಳಿ. ಸೆಕೆಂಡಿಗೆ 900 ಮೀಟರ್ ಓಡುವ ಗುಂಡು ಅಷ್ಟರಲ್ಲಿ 15 ಮೀಟರ್ ದಾಟಿರುತ್ತದೆ. ಪ್ರತಿ ತುಂಡಿನ ಕೊನೆಗಷ್ಟೇ ಗುಂಡು ಎಲ್ಲಿದೆ ಎಂದು ನೋಡಿದರೆ, ನಡುವೆ ಇದ್ದ ತೆಳು ಗೋಡೆ ಗಣಕದ ಪಾಲಿಗೆ ಇರಲೇ ಇಲ್ಲ. ಇನ್ನು ಯಾಕೊಬ್ಸೆನ್ ವಿಧಾನದಲ್ಲಿ ವೇಗವನ್ನು ಪ್ರತ್ಯೇಕವಾಗಿ ಬರೆದಿಡುವುದಿಲ್ಲ. ಹಿಂದಿನ ಮತ್ತು ಈಗಿನ ಸ್ಥಾನಗಳ ಅಂತರವೇ ವೇಗ. ಗೋಡೆಯೊಳಗೆ ಹೂತ ಕಾಲನ್ನು ಒಮ್ಮೆಲೇ ಹೊರಕ್ಕೆ ಎಳೆದಿಟ್ಟರೆ, ಆ ತಿದ್ದುಪಡಿಯನ್ನೇ ಗಣಕ ಓಟವೆಂದು ತಿಳಿಯುತ್ತದೆ. ಹೆಣ ಹಾರುವುದು ಆಗ. ತಪ್ಪು ಹುಟ್ಟಿದ್ದು ತಿದ್ದುವ ಕೆಲಸದಲ್ಲೇ.

ಇಷ್ಟು ತಿಳಿದ ಮೇಲೆ ಹೆಸರಾಂತ ಡೆಮೊ ಒಂದನ್ನು ನೋಡೋಣ. 2003ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಇ3 ಮೇಳದಲ್ಲಿ ವಾಲ್ವ್ ಸಂಸ್ಥೆ ‘ಹಾಫ್-ಲೈಫ್ 2’ ಗೇಮನ್ನು ತೋರಿಸಿತು. ಐರ್ಲೆಂಡಿನ ಹ್ಯಾವೊಕ್ ಸಂಸ್ಥೆಯ ತಂತ್ರಾಂಶವನ್ನು ಆಧರಿಸಿದ ಭೌತಶಾಸ್ತ್ರದಿಂದಾಗಿ ವಸ್ತುಗಳು ನೀರಿನಲ್ಲಿ ತೇಲಿದವು, ಮರ ಮರದಂತೆ ಮುರಿಯಿತು. ಸೆಪ್ಟೆಂಬರ್ 30ಕ್ಕೆ ಬಿಡುಗಡೆ ಎಂದೂ ಹೇಳಿದರು. ಆ ದಿನ ಗೇಮ್ ಬರಲಿಲ್ಲ. ಕಳವಾಗಿದ್ದ ಅದರ ಸೋರ್ಸ್ ಕೋಡ್ ಅಕ್ಟೋಬರಿನಲ್ಲಿ ಅಂತರಜಾಲದಲ್ಲಿ ಹರಡಿತು. ಗೇಮ್ ಇನ್ನೂ ಅರೆಬೆಂದಿದೆ, ಶತ್ರುಗಳ ಬುದ್ಧಿವಂತಿಕೆ ಎಂದು ಕಂಡ ಕೆಲವು ನಡೆಗಳು ಮೊದಲೇ ಬರೆದಿಟ್ಟವು ಎಂಬುದು ಬಯಲಾಯಿತು. ನಿಜವಾದ ಬಿಡುಗಡೆ 2004ರ ನವೆಂಬರ್ 16ರಂದು. ಕಳ್ಳತನ ಕಳ್ಳತನವೇ. ಆದರೂ ಡೆಮೊ ಮತ್ತು ಗೇಮಿನ ನಡುವಿನ ದೂರ ಎಷ್ಟೆಂದು ಜನಕ್ಕೆ ಕಂಡದ್ದು ಅದರಿಂದಲೇ.

2008ರ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ನ್ಯಾಚುರಲ್‌ಮೋಷನ್ ಸಂಸ್ಥೆಯ ‘ಯುಫೋರಿಯಾ’ ತಂತ್ರಾಂಶ ಗೊಂಬೆಗೆ ಸ್ನಾಯುಗಳ ಲೆಕ್ಕವನ್ನೂ ಕೊಟ್ಟಿತು. ತಳ್ಳಿದರೆ ಅದು ಮುಗ್ಗರಿಸುತ್ತದೆ, ಸಾವರಿಸಿಕೊಳ್ಳಲು ಕೈಚಾಚುತ್ತದೆ. ಅದೇ ಗೇಮಿನ ಮಕ್ಕಳ ಉಯ್ಯಾಲೆಯೊಂದಕ್ಕೆ ಕಾರು ತಾಗಿಸಿದರೆ ಅದು ಕಾರನ್ನು ಆಕಾಶಕ್ಕೆ ಎಸೆಯುತ್ತಿತ್ತು. ಬೀಳುವ ಮನುಷ್ಯನನ್ನು ಅಷ್ಟು ನಾಜೂಕಾಗಿ ತೋರಿಸಿದ ಗೇಮಿನಲ್ಲಿ ಆಟಗಾರರು ಹುಡುಕಿಕೊಂಡು ಹೋದದ್ದು ಆ ಉಯ್ಯಾಲೆಯನ್ನು.

ಈ ಕಥೆ ನಮ್ಮಿಂದ ದೂರದ್ದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಆರಂಭಿಸಿದರು. ಗ್ರ್ಯಾಂಡ್ ಥೆಫ್ಟ್ ಆಟೋ ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆ 2016ರಲ್ಲಿ ಅದೇ ನಗರಕ್ಕೆ ಬಂತು, 2019ರಲ್ಲಿ ಧ್ರುವವನ್ನು ಕೊಂಡುಕೊಂಡಿತು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಕಟ್ಟಿದ ಸ್ಟುಡಿಯೊಗಳಲ್ಲಿ ಬೆಂಗಳೂರಿನದೂ ಒಂದು. ಈ ಉದ್ಯಮದಲ್ಲಿ ಗ್ಲಿಚ್ ಹುಡುಕುವುದೇ ಕೆಲಸವಾಗಿರುವ ಪರೀಕ್ಷಕರಿದ್ದಾರೆ. ಒಂದೇ ಗೋಡೆಗೆ ನೂರು ಸಲ ಢಿಕ್ಕಿ ಹೊಡೆದು ನೋಡುವವರು ಅವರು. ಅವರು ಕಂಡುಹಿಡಿದದ್ದು ಯಾರಿಗೂ ಕಾಣದಂತೆ ಮಾಯವಾದರೆ ಕೆಲಸ ಚೆನ್ನಾಗಿ ಆಯಿತೆಂದು ಅರ್ಥ. ಡೆಮೊದಲ್ಲಿ ಅವರ ಗುರುತು ಇರುವುದಿಲ್ಲ.

ಕನ್ನಡದ ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಇದು ಹೊಸ ಮಾತಲ್ಲ. ಎರಡು ಓಲೆಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯ ಕಂಡರೆ ಎರಡಕ್ಕೂ ಮೂಲ ಒಂದೇ ಇರಬಹುದೆಂದು ಸಂಪಾದಕರು ಊಹಿಸುತ್ತಾರೆ. ಸರಿಯಾದ ಪಾಠ ಎಲ್ಲರಲ್ಲೂ ಒಂದೇ ಆಗಿರುವುದರಿಂದ ಪ್ರತಿಗಳ ವಂಶಾವಳಿ ತಿಳಿಯುವುದು ಲಿಪಿಕಾರರ ತಪ್ಪಿನಿಂದ. ಗ್ಲಿಚ್ ಕೂಡ ಹಾಗೆಯೇ. ಯಾವ ಸೂತ್ರ ಬಳಸಿದರು, ಎಷ್ಟು ಸುತ್ತಿಗೆ ತಿದ್ದುವುದನ್ನು ನಿಲ್ಲಿಸಿದರು, ಎಲ್ಲಿ ರಾಜಿಯಾದರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ.

ಆತಂಕವಿರುವುದು ಇಲ್ಲೇ. ಹೊಸ ಪ್ರತಿ ಮಾಡಿದ ಮೇಲೂ ಹಳೆಯ ಓಲೆ ಯಾವುದೋ ಮನೆಯ ಅಟ್ಟದಲ್ಲಿ ಉಳಿದಿರುತ್ತಿತ್ತು. ಇಂದಿನ ಗೇಮ್ ಅಂತರಜಾಲದಿಂದ ಇಳಿದು, ಅಲ್ಲಿಂದಲೇ ತಿದ್ದಿಸಿಕೊಳ್ಳುತ್ತದೆ. ಅಪ್‌ಡೇಟ್ ಬಂದೊಡನೆ ಸಾಮಾನ್ಯವಾಗಿ ಹಿಂದಿನ ಪಾಠ ಅಳಿಯುತ್ತದೆ. ಉಳಿಯುವುದು ಕಂಪನಿಯ ಡೆಮೊ ಮತ್ತು ತಿದ್ದಿದ ಕೊನೆಯ ಪ್ರತಿ. ‘ಟ್ರೆಸ್‌ಪಾಸರ್’ ಸೋತ ಗೇಮೇ ಇರಬಹುದು. ಆದರೆ ಅದು ಸಿಡಿಯಲ್ಲಿ ಬಂದಿತ್ತು. ಆ ಸಿಡಿ ಉಳಿದಿರುವ ಕಡೆ, 1998ರ ಆ ತಿರುಚಿದ ಕೈಯನ್ನು ಈಗಲೂ ತೆಗೆದು ನೋಡಬಹುದು.