ಸಂಘಟನೆ ಗೆದ್ದಿದೆಯಾ? ಸಂಬಳ ಯಾರು ಕೊಡ್ತಾರೆ ಅಂತ ಕೇಳಿ



"ಇಷ್ಟು ವರ್ಷ ಸಂಘಟನೆ ಅಂತ ಓಡಾಡಿದ್ರಿ, ಏನ್ ಸಿಕ್ತು?" ಬಾಗಲಗುಂಟೆ ಕಡೆ ನಮ್ಮ ಹುಡುಗರು ಕೇಳೋ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಎಷ್ಟು ಫ್ಲೆಕ್ಸ್ ಕಟ್ಟಿದ್ವಿ, ಎಷ್ಟು ಜನ ಸೇರಿದ್ರು ಅನ್ನೋದು ಇದಕ್ಕೆ ಉತ್ತರ ಅಲ್ಲ. ಬೆಂಗಳೂರಿನ ಪೌರಕಾರ್ಮಿಕರ ಚರಿತ್ರೆ ನೋಡಿ. ಅವರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಣ್ಣುಮಕ್ಕಳು.

70ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಶಿಫಾರಸು ಮಾಡಿತ್ತು. ವರದಿ ಚೆನ್ನಾಗಿತ್ತು. ಆದರೆ ಅದನ್ನು ಜಾರಿ ಮಾಡಿಸೋ ಬಲ ಬೀದಿಯಲ್ಲಿ ಇರಲಿಲ್ಲ. ಆಮೇಲೆ ಗುತ್ತಿಗೆದಾರರು ಬಂದರು. 2007ರಲ್ಲಿ ದಾಸರಹಳ್ಳಿ ನಗರಸಭೆ ಬಿಬಿಎಂಪಿಗೆ ಸೇರಿತು. ಊರು ಮಹಾನಗರವಾಯಿತು, ಗುತ್ತಿಗೆ ಪದ್ಧತಿ ಹಾಗೇ ಉಳಿಯಿತು.

ಪೊರಕೆ ಹಿಡಿದವರೇ ಸಂಘ ಕಟ್ಟಿದ ಮೇಲೆ ಲೆಕ್ಕ ಬದಲಾಯಿತು. 2016ರಲ್ಲಿ ಕನಿಷ್ಠ ವೇತನ ಏರಿತು. 2017ರಲ್ಲಿ ಗುಡಿಸುವವರನ್ನು ಗುತ್ತಿಗೆಯಿಂದ ಬಿಡಿಸಿ, ಪಾಲಿಕೆಯಿಂದಲೇ ನೇರ ವೇತನ ಶುರುವಾಯಿತು. 2022ರ ಜುಲೈ 1ರಿಂದ ಫ್ರೀಡಂ ಪಾರ್ಕಿನಲ್ಲಿ ಮುಷ್ಕರ. ನಾಲ್ಕೇ ದಿನ. ಕಸ ಬೀದಿಯಲ್ಲೇ ಉಳಿದಾಗ ಸರ್ಕಾರ ಲಿಖಿತ ಭರವಸೆ ಕೊಟ್ಟಿತು. 2025ರ ಮೇ 1ರಂದು 12,692 ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಇದು ಯಾರೋ ಕೊಟ್ಟ ಭಿಕ್ಷೆ ಅಲ್ಲ.

ಹಾಗಂತ ಪೂರ್ತಿ ಗೆದ್ವಿ ಅನ್ನೋ ಹಾಗಿಲ್ಲ. 2017ರ ನೇರ ವೇತನದಲ್ಲಿ ಆಟೋ ಚಾಲಕರು, ಲೋಡರ್‌ಗಳು, ಹೆಲ್ಪರ್‌ಗಳು ಸೇರಲಿಲ್ಲ. ಅದೇ ಕಸ, ಅದೇ ನಾತ, ಆದರೆ ಆಗ ಅವರ ಧಣಿಯಾಗಿ ಗುತ್ತಿಗೆದಾರನೇ ಉಳಿದ. 500 ಜನಕ್ಕೆ ಒಬ್ಬರು ಅಂತಿದ್ದ ಲೆಕ್ಕವನ್ನು ಸರ್ಕಾರ 700ಕ್ಕೆ ಒಬ್ಬರು ಅಂತ ಮಾಡಿತು. ಅಂದ್ರೆ ಒಬ್ಬರ ಬೆನ್ನ ಮೇಲೆ ಇನ್ನೂ 200 ಜನರ ಕಸ. ಕೆಲಸ ಕಾಯಂ ಆದ್ರೂ, ಈ ಕೆಲಸಕ್ಕೆ ನಮ್ಮ ಜಾತಿಯವರೇ ಯಾಕೆ ಅನ್ನೋ ಪ್ರಶ್ನೆ ಹಾಗೇ ಇದೆ.

ಆದ್ದರಿಂದ ಯಾವುದೇ ಸಂಘಟನೆಯನ್ನು, ನಮ್ಮದನ್ನೂ ಸೇರಿಸಿ, ಮೂರು ಪ್ರಶ್ನೆಗಳಿಂದ ಅಳೆಯೋಣ.
1. ಕೊಟ್ಟ ಭರವಸೆ ಆದೇಶವಾಗಿ, ಆದೇಶ ಬ್ಯಾಂಕ್ ಖಾತೆಗೆ ಬಂತಾ?
2. ಗೆಲುವಿನ ಹೊರಗೆ ಉಳಿದವರು ಯಾರು?
3. ಅಧಿಕಾರಿಯ ಮುಂದೆ ಕೂತು ಮಾತಾಡೋರು ಕೆಲಸ ಮಾಡುವ ಹೆಣ್ಣುಮಕ್ಕಳಾ, ಇಲ್ಲ ಅವರ ಹೆಸರಲ್ಲಿ ಲೀಡರಾ?

ಮೊದಲನೆಯದಕ್ಕೆ ಈ ಹೋರಾಟ ಪಾಸ್. ಎರಡನೆಯದು ಬಾಕಿ ಇದೆ. ಮೂರನೆಯದನ್ನು ಪ್ರತಿ ವಾರ್ಡಿನಲ್ಲೂ ದಿನಾ ಕೇಳಿಕೊಳ್ಳಬೇಕು.

ನಾಳೆ ಬೆಳಗ್ಗೆ ನಿಮ್ಮ ಬೀದಿಗೆ ಕಸದ ಆಟೋ ಬರುತ್ತೆ. "ಅಣ್ಣಾ, ಸಂಬಳ ಯಾರು ಕೊಡ್ತಾರೆ? ಪಿಎಫ್, ಇಎಸ್‌ಐ ಇದೆಯಾ?" ಅಂತ ಕೇಳಿ. ಅವರು ಹೇಳಿದ್ದನ್ನು ಕಾಮೆಂಟಿನಲ್ಲಿ ಬರೆಯಿರಿ. ಅವರ ಹೆಸರು ಮಾತ್ರ ಬೇಡ. ಮುಂದಿನ ಕೆಲಸ ಅಲ್ಲಿಂದಲೇ ಶುರು.

ಜೈ ಭೀಮ್.