ಕೌದಿಯ ಬಣ್ಣ ಯಾರು ಆರಿಸಿದ್ದು?

ಕಳೆದ ಬ್ಯಾಸಿಗೆಯಲ್ಲಿ ನಮ್ಮ ಕೇರಿಯ ನಾವು ನಾಲ್ಕು ಜನ ಕೌದಿ ಹೊಲಿಯೋದು ಕಲಿಯಬೇಕೆಂದು ಆಯಿಯ ಮುಂದೆ ಹೋಗಿ ಕೂತೆವು. ನಾಲ್ಕೂ ಜನ ಪದವಿ ಮುಗಿಸಿ, ಅರ್ಜಿ ಹಾಕಿ ಹಾಕಿ, ಉತ್ತರ ಬಾರದೆ ಕೂತವರು. ಅದರಲ್ಲಿ ಇಬ್ಬರು ಗಂಡುಹುಡುಗರು. ಕೇರಿ ನಕ್ಕಿತು. ನಗಲಿ ಬಿಡಿ. ಪಟ್ಟಣದ ಕಟ್‌ಪೀಸ್ ಅಂಗಡಿಯಲ್ಲಿ ಅರ್ಧ ದಿನ ನಿಂತು, ಒಂದಕ್ಕೊಂದು ಒಪ್ಪುವಂಥ ಬಣ್ಣ ನೋಡಿ ನೋಡಿ ಆರಿಸಿಕೊಂಡು ಬಂದಿದ್ದೆವು. ತಿಳಿಗುಲಾಬಿ, ಬೂದು, ಕೆನೆಬಣ್ಣ, ಎಲೆಹಸಿರು. ಆಯಿ ಗಂಟು ಬಿಚ್ಚಿದಳು, ಬಟ್ಟೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದಳು.

"ಇವೆಲ್ಲಾ ಹೊಸಾ ಬಟ್ಟಿ ಅದಾವಲ್ಲೋ ತಮ್ಮಾ. ಹೊಸಾ ಬಟ್ಟಿ ಹರದು ಯಾರರೆ ಕೌದಿ ಹೊಲಿತಾರೇನು?"

ಹಾಗಾದರೆ ಮೊದಲ ಕೌದಿಗೆ ಬಣ್ಣ ಹೆಂಗ ಆರಿಸೋದು ಆಯಿ, ಅಂತ ಕೇಳಿದೆವು.

"ನಾವೆಲ್ಲಿ ಬಣ್ಣ ಆರಿಸೀವಿ? ಬಂದದ್ದನ್ನ ಹಚ್ಚೀವಿ" ಅಂದಳು.

ಬಂದದ್ದನ್ನ ಹಚ್ಚೀವಿ. ಈ ಎರಡು ಮಾತಿನೊಳಗೆ ಒಂದು ಚರಿತ್ರೆ ಕೂತಿದೆ. ರಾಜರ ಪೀತಾಂಬರದ ಬಣ್ಣ ಬರೆದವರು, ದೇವರ ಸೀರೆಯ ಬಣ್ಣ ಹಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೌದಿಯ ಬಣ್ಣದ ಬಗ್ಗೆ ಅವರು ಬರೆಯಲಿಲ್ಲ. ಬರೆಯಲು ಹೋಗಿದ್ದರೆ, ಈ ತುಂಡು ಎಲ್ಲಿಂದ ಬಂತು, ಯಾರು ಉಟ್ಟು ಬಿಟ್ಟದ್ದು, ಕೊಟ್ಟವರ ಕೈ ಎಷ್ಟು ಎತ್ತರದಿಂದ ಒಗೆಯಿತು ಎಂದೆಲ್ಲ ಕೇಳಬೇಕಾಗುತ್ತಿತ್ತು. ಅದು ಯಾರಿಗೆ ಬೇಕಾಗಿತ್ತು?

ಕೌದಿ ಕಾಣದ ಪಟ್ಟಣದ ಓದುಗರಿಗೆ ಒಂದು ಮಾತು. ಕೆಳಗೆ ಒಂದು ಹಳೇ ಸೀರೆ ಹಾಸಬೇಕು. ಅದರ ಮೇಲೆ ಇನ್ನೂ ಹಳೆಯ, ಮೇಲ್ಮೈಗೆ ಬಾರದ ಬಟ್ಟೆಗಳನ್ನು ಹರವಬೇಕು. ಎಲ್ಲಕ್ಕಿಂತ ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಗೊಳಗೆ ಸುತ್ತು ಹಾಕುತ್ತ ಎಲ್ಲ ಪದರಕ್ಕೂ ಸೂಜಿ ದಾಟಿಸಬೇಕು. ಬಡವರ ಮನೆಯಲ್ಲಿ ಹಾಸೋದೂ ಅದೇ, ಹೊದೆಯೋದೂ ಅದೇ. ಕೂಸು ಹುಟ್ಟಿದರೆ ಅದಕ್ಕೊಂದು ಸಣ್ಣ ಕೌದಿ. ಮಾರ್ನಮಿ ಬಂತೆಂದರೆ ಊರ ಕೌದಿಗಳೆಲ್ಲ ಹಳ್ಳಕ್ಕೆ ಹೋಗುತ್ತವೆ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಹಿಂಡಲಾಗದು, ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು.

ಆಯಿಯ ಹಳೇ ಕೌದಿಯನ್ನು ಅಂಗಳದಲ್ಲಿ ಹರವಿ, ತುಂಡು ತುಂಡಾಗಿ ಓದಿಸಿಕೊಂಡೆವು. ಕಪ್ಪು ತುಂಡು ಆಯಿಯ ಅವ್ವನ ಚಂದ್ರಕಾಳಿ ಸೀರೆ, ನೀಲಿಯಲ್ಲಿ ಮುಳುಗಿಸಿ ಮುಳುಗಿಸಿ ಕಪ್ಪಾದದ್ದು. ಕೆಂಪು-ಬಿಳಿ ತೆನೆ ಇರುವುದು ಇಳಕಲ್ ಸೀರೆಯ ಸೆರಗು. ಇಡೀ ಸೀರೆ ಯಾವತ್ತೂ ನಮ್ಮ ಮನೆಯದಾಗಿರಲಿಲ್ಲ, ಸೆರಗಿನ ಚೂರು ಮಾತ್ರ ಬಂದದ್ದು. ಸಣ್ಣ ಹೊಳಪಿನದು ಗುಳೇದಗುಡ್ಡದ ಖಣ, ಯಾರೋ ಕುಪ್ಪಸ ಹೊಲಿಸಿ ಉಳಿದ ಮೂಲೆ. ಮಣ್ಣುಬಣ್ಣ ತಿರುಗಿದ ಬಿಳಿ, ಮುತ್ತ್ಯಾನ ಧೋತರ. ಖಾಕಿ ನಮ್ಮ ಸ್ವಾದರಮಾವನ ಸಾಲಿ ಚಡ್ಡಿ. ಆಯಿ ಒಂದೊಂದನ್ನೂ ಬೆರಳಿಟ್ಟು ಹೇಳಿದಳು. ಯಾವ ವರ್ಷ ಅಂತ ಗೊತ್ತಿಲ್ಲ, ಯಾರ ಮನೆ ಅಂತ ಗೊತ್ತು. ಗ್ರಹಣ ಬಿಟ್ಟ ಮೇಲೆ ಓಣಿಯ ತುದಿಗೆ ನಿಂತು ಕೂಗಿದಾಗ ಬಂದದ್ದು ಯಾವುದು, ಸುಗ್ಗಿಯಲ್ಲಿ ಕಾಳಿನ ಬದಲು ಬಂದದ್ದು ಯಾವುದು, ಹೆಣ ಹೂತು ಬಂದಾಗ ಸಿಕ್ಕದ್ದು ಯಾವುದು, ಎಲ್ಲ ನೆನಪಿದೆ.

ಹೆಣದ ಬಟ್ಟೆ ಅಂದ ಕೂಡಲೆ ನಮ್ಮೊಳಗಿನ ಒಬ್ಬ ಕೈ ಹಿಂದಕ್ಕೆ ಎಳೆದುಕೊಂಡ. ಇದು ಯಾವುದೋ ಹಳ್ಳಿಯ ಕೆಟ್ಟ ರೂಢಿಯಲ್ಲ, ಬರೆದಿಟ್ಟ ಕಾನೂನು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರ ಉಡುಪು ಸತ್ತವರ ಬಟ್ಟೆಯೇ ಆಗಿರಬೇಕು ಎನ್ನುತ್ತದೆ. ಸೇವೆ ಮಾಡುವ ಶೂದ್ರನಿಗೆ ಎಂಜಲು ಅನ್ನ, ಹಳೇ ಬಟ್ಟೆ, ಜೊಳ್ಳು ಕಾಳು ಕೊಡಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಬಣ್ಣವನ್ನೂ ಅದು ಬಿಟ್ಟಿಲ್ಲ. ಬ್ರಾಹ್ಮಣನಿಗೆ ಕಷ್ಟಕಾಲ ಬಂದು ವ್ಯಾಪಾರಕ್ಕಿಳಿದರೂ ಬಣ್ಣ ಹಾಕಿದ ಬಟ್ಟೆ ಮಾರಬಾರದು, ನೀಲಿ ಮಾರಬಾರದು, ಅರಗು ಮಾರಬಾರದು. ಹೆಂಡದ ಜೊತೆಯಲ್ಲಿ ನೀಲಿಯನ್ನು ಇಟ್ಟ ಗ್ರಂಥ ಅದು.

ನೀಲಿಯ ಮೇಲೆ ಯಾಕೆ ಸಿಟ್ಟು? ನೀಲಿ ಮಾಡುವ ಕೆಲಸ ನೋಡಿದವರಿಗೆ ಗೊತ್ತು. ಸೊಪ್ಪು ಕೊಳೆಯಬೇಕು, ಗಡಿಗೆ ಹುಳಿಯಬೇಕು, ನಾರಬೇಕು. ಮೊಳಕೈವರೆಗೆ ಕೈ ಮುಳುಗಬೇಕು. ಅದ್ದಿ ತೆಗೆದಾಗ ಬಟ್ಟೆ ಹಳದಿಹಸಿರು. ಗಾಳಿ ತಾಗುತ್ತಿದ್ದಂತೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಕೈಗೆ ಹತ್ತಿದ ಬಣ್ಣ ಹೋಗುವುದಿಲ್ಲ. ದುಡಿದ ಕೈ ಗುರುತು ಸಿಗುತ್ತದೆ. ಗುರುತು ಸಿಗುವ ಕೈಗಳನ್ನು ಕಂಡರೆ ಶಾಸ್ತ್ರಕ್ಕೆ ಯಾವತ್ತೂ ಮೈಲಿಗೆಯೇ.

ಮುಂದೆ ಇದೇ ನೀಲಿಗೆ ಬೇರೆ ಒಡೆಯರು ಬಂದರು. ಬಂಗಾಳದಲ್ಲಿ ಬಿಳಿಯ ತೋಟಗಾರರು ಭತ್ತದ ನೆಲದಲ್ಲಿ ಬಲವಂತವಾಗಿ ನೀಲಿ ಬೆಳೆಸಿದರು. 1859-60ರಲ್ಲಿ ರೈತರು ಬೆಳೆಯುವುದಿಲ್ಲ ಎಂದು ತಿರುಗಿ ನಿಂತರು. 1917ರ ಚಂಪಾರಣ್ಯದ ಕಥೆ ಎಲ್ಲರಿಗೂ ಗೊತ್ತಿದೆ, ಪಠ್ಯಪುಸ್ತಕದಲ್ಲಿದೆ. ಅಷ್ಟರೊಳಗೆ ಯುರೋಪಿನ ರಸಾಯನ ಶಾಲೆಗಳು ಬಣ್ಣದ ಹಣೆಬರಹವನ್ನೇ ಬದಲು ಮಾಡಿದ್ದವು. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧಿ ಮಾಡಲು ಹೋಗಿ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಮಂಜಿಷ್ಠದ ಬೇರಿನ ಕೆಂಪನ್ನು ಬೇರಿಲ್ಲದೆ ಮಾಡಿದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಬೇರು ಕುಟ್ಟುವವರ, ನೀಲಿ ಗಡಿಗೆ ಇಟ್ಟುಕೊಂಡವರ ಕಸುಬು ಬಿದ್ದುಹೋಯಿತು. ಆದರೆ ಬಣ್ಣ ಅಗ್ಗವಾಯಿತು ಎಂಬುದನ್ನೂ ನಾವು ಹೇಳಲೇಬೇಕು. ಕಸುಬು ಹೋದದ್ದಕ್ಕೆ ಅಳುವವರು ಬಹಳ ಇದ್ದಾರೆ. ಕೇರಿಯ ಹೆಂಗಸು ಕೆಂಪು ಸೀರೆ ಕೊಳ್ಳುವಂತಾದದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಬಣ್ಣ ಅಗ್ಗವಾಯಿತು. ಉಡುವ ಹಕ್ಕು ಅಗ್ಗವಾಗಲಿಲ್ಲ. ತಿರುವಾಂಕೂರಿನ ನಾಡಾರ್ ಹೆಣ್ಣುಮಕ್ಕಳು ದಶಕಗಟ್ಟಲೆ ಹೋರಾಡಿದ ಮೇಲೆ 1859ರಲ್ಲಿ ಎದೆ ಮುಚ್ಚಿಕೊಳ್ಳಲು ಅಪ್ಪಣೆ ಸಿಕ್ಕಿತು. ಮೇಲ್ಜಾತಿಯವರು ಮುಚ್ಚಿಕೊಳ್ಳುವ ರೀತಿಯಲ್ಲಿ ಮಾತ್ರ ಬೇಡ ಎಂಬ ಷರತ್ತಿನ ಜೊತೆಗೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಬಾಬಾಸಾಹೇಬರು ಅದೇ ಸಮ್ಮೇಳನದಲ್ಲಿ ನೆರೆದ ಹೆಂಗಸರಿಗೆ ಹೇಳಿದ್ದು ಬಟ್ಟೆಯ ವಿಷಯವನ್ನೇ. ಅಸ್ಪೃಶ್ಯರು ಎಂಬ ಗುರುತು ಹೇಳುವ ರೀತಿಯಲ್ಲಿ ಸೀರೆ ಉಡಬೇಡಿ, ಆ ಭಾರದ ಕಡಗ ಸರಪಳಿ ಬಿಡಿ ಎಂದರು. ಆಗ ಕೆಲವರಿಗೆ ಇದು ಸಣ್ಣ ಮಾತಾಗಿ ಕಂಡಿರಬಹುದು. ಬಟ್ಟೆ ಕಂಡೇ ಜಾತಿ ಅಳೆಯುವ ದೇಶದಲ್ಲಿ ಅದು ಸಣ್ಣ ಮಾತೇನಲ್ಲ. 1942ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಶನ್ ಕಟ್ಟಿದಾಗ ಅದರ ಬಾವುಟ ನೀಲಿ. ಮನು ಮುಟ್ಟಬೇಡ ಎಂದ ನೀಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾಗಲು ಬಂದ ಲಕ್ಷಾಂತರ ಜನ ಬಿಳಿ ಬಟ್ಟೆ ಉಟ್ಟು ಬಂದರು. ಬೇಡಿ ತಂದ ಬಿಳಿಯಲ್ಲ, ತಾವೇ ಆರಿಸಿಕೊಂಡ ಬಿಳಿ.

ಆಯಿಗೆ ಇದನ್ನೆಲ್ಲ ಹೇಳಿದೆವು. ನೀಲಿ ಬಾವುಟ ಆಕೆಗೆ ಗೊತ್ತು, ಮನು ಗೊತ್ತಿಲ್ಲ. "ಯಾಂವೋ ಆತ, ಬಟ್ಟಿ ಒಗದ ಗೊತ್ತಿಲ್ಲದಾಂವ" ಅಂದು ಸೂಜಿಗೆ ದಾರ ಏರಿಸು ಅಂತ ಕೊಟ್ಟಳು.

ನಮ್ಮ ಕರ್ನಾಟಕದಲ್ಲೇ ಕೌದಿಯನ್ನು ತಮ್ಮ ಸಹಿಯಂತೆ ಹೊಲಿಯುವ ಇನ್ನೊಂದು ಜನ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಯರು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮೊಮ್ಮಕ್ಕಳು. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲು ಸರ್ಕಾರಕ್ಕೆ 2003ರವರೆಗೆ ಬೇಕಾಯಿತು. ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಒಂದು ಹೂವು ಕೂಡಿಸುತ್ತಾರೆ. ಅದಕ್ಕೆ ಫುಲ ಎನ್ನುತ್ತಾರೆ. ಫುಲ ಇಲ್ಲದ ಕೌದಿ ಬತ್ತಲೆ ಕೌದಿ.

ಅವರ ಆಫ್ರಿಕಾದ ಬಂಧುಗಳು ಇನ್ನೊಂದು ದಿಕ್ಕಿಗೆ ಗುಲಾಮರಾಗಿ ಹೋದದ್ದು ಅಮೆರಿಕಕ್ಕೆ. ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿ, ಮೂರು ಕಡೆ ಹೊಳೆ. 1962ರಲ್ಲಿ, ಅಲ್ಲಿಯ ಕರಿಯರು ಮತದಾನಕ್ಕೆ ಹೆಸರು ಬರೆಸಲು ಹೊರಟ ಕಾಲಕ್ಕೆ, ಹೊಳೆ ದಾಟುವ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಮತ್ತೆ ಶುರುವಾದದ್ದು 2006ರಲ್ಲಿ. ನಮ್ಮ ಕೇರಿಗೆ ಬಸ್ಸು ಬಾರದ್ದಕ್ಕೆ ಇದು ದೂರದ ಮಾತೇನಲ್ಲ. ಆ ಹೆಂಗಸರು ಹೊಲದ ಕೆಲಸದ ಹಳೇ ಪ್ಯಾಂಟು ಅಂಗಿ ಬಿಚ್ಚಿ ಕೌದಿ ಹೊಲಿದರು. ಜೇಬು ಬಿಚ್ಚಿದ ಕಡೆ ಬಿಸಿಲು ಕಾಣದ ಗಾಢ ನೀಲಿ, ಸುತ್ತ ಮಾಸಿದ ನೀಲಿ. ಬಣ್ಣ ಆರಿಸಿದ್ದು ಅಂಗಡಿಯಲ್ಲ, ಬಿಸಿಲು. ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಸತ್ತ ಗಂಡನ ಕೆಲಸದ ಬಟ್ಟೆಗಳನ್ನೇ ಕೌದಿ ಮಾಡಿ ಹೊದ್ದುಕೊಂಡಳು. ಅದೂ ಹೆಣದ ಬಟ್ಟೆಯೇ. ಆದರೆ ಯಾರೂ ಎತ್ತರದಿಂದ ಎಸೆದದ್ದಲ್ಲ. 1966ರಲ್ಲಿ ಆ ಸೀಮೆಯ ಹೆಂಗಸರು ಸ್ವಾತಂತ್ರ್ಯದ ಹೆಸರಿನಲ್ಲೇ ಕೌದಿ ಸಹಕಾರ ಸಂಘ ಕಟ್ಟಿದರು. ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿದ್ದೂ ಅದೇ ವರ್ಷ. ಅವರ ಹೆಸರು ಹಿಡಿದು ನಮ್ಮ ದಲಿತ ಪ್ಯಾಂಥರ್ಸ್ 1972ರಲ್ಲಿ ಮುಂಬಯಿಯಲ್ಲಿ ಎದ್ದರು. ಜೀಸ್ ಬೆಂಡಿನ ಕೌದಿಗಳನ್ನು 2002ರಲ್ಲಿ ದೊಡ್ಡ ಮ್ಯೂಸಿಯಮ್ಮಿನ ಗೋಡೆಗೆ ತೂಗುಹಾಕಿ, ಚಿತ್ರಕಲೆಗೆ ಸಮ ಎಂದು ಹೊಗಳಿದರು. ಒಳ್ಳೆಯದೇ. ಹೊದ್ದವರಿಗೆ ಅದು ಮೊದಲೇ ಗೊತ್ತಿತ್ತು.

ಈಗ ನಮ್ಮ ಕೌದಿಗೆ ಬರೋಣ. ಬಣ್ಣ ಆರಿಸಿಲ್ಲ ಎಂದ ಆಯಿ, ಕೂತು ಕಲಿಸತೊಡಗಿದ ಮೇಲೆ ನೂರು ತಕರಾರು ತೆಗೆದಳು. ತುಂಡುಗಳನ್ನು ಮೊದಲು ಉಪ್ಪುನೀರಿನಲ್ಲಿ ನೆನೆಹಾಕಿಸಿದಳು. ಹಸಿ ಇರುವಾಗಲೇ ಬಿಳಿ ಚಿಂದಿಗೆ ಒತ್ತಿ, ಬಣ್ಣ ಬಿಡುತ್ತದೋ ನೋಡಿಸಿದಳು. ಹಳೇ ಬಟ್ಟೆ ಬಿಡುವಷ್ಟು ಬಿಟ್ಟಿರುತ್ತದೆ, ಕುಗ್ಗುವಷ್ಟು ಕುಗ್ಗಿರುತ್ತದೆ. ನಾವು ತಂದ ಹೊಸ ಕಟ್‌ಪೀಸನ್ನು ಹಂಗೇ ಕೂಡಿಸಿದ್ದರೆ ಮೊದಲ ಒಗೆತಕ್ಕೆ ಕೌದಿ ಸೊಟ್ಟಗಾಗುತ್ತಿತ್ತು. ಅಂಚಿಗೆ ಕಪ್ಪು, ಗಾಢ ನೀಲಿ, ಯಾಕೆಂದರೆ ತಲೆಯ ಎಣ್ಣೆ, ಕಾಲಿನ ಮಣ್ಣು ಮೊದಲು ಹತ್ತೋದು ಅಂಚಿಗೆ. ತಿಳಿಬಣ್ಣ ಒಳಗೆ. ಹೂವಿನ ಬಟ್ಟೆಯ ಮಗ್ಗುಲಿಗೆ ಬೋಳು ಬಟ್ಟೆ. "ಒಂದ ಬಣ್ಣದ್ದು ಎರಡು ಮಗ್ಗಲ ಮಗ್ಗಲ ಇಟ್ಟರ ಎರಡೂ ನಿದ್ದಿ ಮಾಡತಾವು." ಹೊಸಬರು ಮೂರು ಬಣ್ಣ ಹಿಡಿಯಬೇಕು: ಒಂದು ಗಾಢ, ಒಂದು ತಿಳಿ, ಮತ್ತೊಂದು ಕಣ್ಣಿಗೆ ಹೊಡೆಯುವಂಥದ್ದು. ಕಣ್ಣಿಗೆ ಹೊಡೆಯುವುದು ಸ್ವಲ್ಪವೇ ಇರಬೇಕು, ಆದರೆ ನಾಲ್ಕೂ ದಿಕ್ಕಿಗೆ ಹೋಗಬೇಕು. ದಾರ ಬಿಳಿಯದೇ ಇರಲಿ, ಸಾಲು ಸೊಟ್ಟಾದದ್ದು ನಿಮಗೇ ಕಾಣಲಿ ಅಂದಳು.

ಏನು ಬರುತ್ತದೆ ಎಂಬುದು ಆಯಿಯ ಕೈಯಲ್ಲಿರಲಿಲ್ಲ. ಬಂದದ್ದು ಎಲ್ಲಿ ಕೂಡಬೇಕು ಎಂಬುದನ್ನು ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಇದು ನಮಗೆ ತಿಳಿಯಲು ಮೂರು ದಿನ ಹಿಡಿಯಿತು.

ನಾಲ್ಕನೆಯ ದಿನ ಆಯಿ ಟ್ರಂಕಿನ ತಳದಿಂದ ಒಂದು ಕೆಂಪು ತುಂಡು ತೆಗೆದಳು. ಊರೊಳಗಿನ ಒಂದು ದೊಡ್ಡ ಮನೆಯಲ್ಲಿ ಮಡಿ ಹೆಂಗಸೊಬ್ಬಳಿದ್ದಳಂತೆ. ಸಣ್ಣ ವಯಸ್ಸಿಗೇ ಗಂಡ ಸತ್ತ, ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿ ಕತ್ತಲಕೋಣೆಗೆ ತಳ್ಳಿದರು. ನಮ್ಮವರು ಹಿತ್ತಲಿಗೆ ಕಟ್ಟಿಗೆ ಹಾಕಲು ಹೋದರೆ ಆಕೆ ದೂರದಿಂದಲೇ ಚೀರುತ್ತಿದ್ದಳು, ನೆರಳು ಸೋಕೀತು ಅಂತ. ಆಕೆ ಸತ್ತ ದಿನ ಸುಡಲು ಕಟ್ಟಿಗೆ ಹೊತ್ತವರು ನಮ್ಮವರು. ಹೊತ್ತದ್ದಕ್ಕೆ ಸಿಕ್ಕ ಕೂಲಿ ಆ ಸೀರೆ. ಬದುಕಿದ್ದಾಗ ನಮ್ಮ ನೆರಳು ಬೀಳಬಾರದಿದ್ದ ಬಟ್ಟೆ ನಮ್ಮ ಆಯಿಯ ಮಕ್ಕಳು ಹುಟ್ಟಿದಾಗ ಅವರಿಗೆ ಹಾಸಾಯಿತು.

ಜಗಳ ಹತ್ತಿತು. ಒಬ್ಬ, ಇದನ್ನು ಸುಡಬೇಕು, ಮಹಾಡದಲ್ಲಿ ಸುಟ್ಟದ್ದು ಇದನ್ನೇ ಎಂದ. ಇನ್ನೊಬ್ಬಳು ವಿನಯಪಿಟಕ ಓದಿಕೊಂಡವಳು. ಬುದ್ಧನ ಭಿಕ್ಖುಗಳು ಮಸಣದ ಚಿಂದಿಯನ್ನೂ ಕಸದ ಚಿಂದಿಯನ್ನೂ ಆಯ್ದು, ತೊಳೆದು, ಹೊಲಿದು ಉಡುತ್ತಿದ್ದರು, ಅದು ಪಾಂಸುಕೂಲ. ಮಗಧದ ಗದ್ದೆಗಳ ಬದು ತೋರಿಸಿ ಬುದ್ಧ ಕೇಳಿದ್ದಕ್ಕೆ ಆನಂದ ಆ ಗದ್ದೆಯಂತೆಯೇ ತುಂಡು ಜೋಡಿಸಿ ಚೀವರ ಹೊಲಿದುಕೊಟ್ಟ. ಬೇರು, ಕಾಂಡ, ತೊಗಟೆ, ಎಲೆ, ಹೂವು, ಹಣ್ಣು ಇವುಗಳ ಬಣ್ಣದಲ್ಲಿ ಅದ್ದಿ ಎಲ್ಲ ತುಂಡನ್ನೂ ಒಂದೇ ಬಣ್ಣಕ್ಕೆ ತಂದರು. ಮನು ಶಿಕ್ಷೆಯೆಂದು ಹೊದಿಸಿದ್ದನ್ನು, ಆ ಗ್ರಂಥ ಹುಟ್ಟುವ ಎಷ್ಟೋ ಮುಂಚೆ, ಅರಸುಮಕ್ಕಳು ತಾವಾಗಿ ಹೊದ್ದಿದ್ದರು ಅಂದಳು. ಅವರು ತಾವಾಗಿ ಹೊದ್ದರು, ನಮಗೆ ಹೊದಿಸಿದರು, ಎರಡೂ ಒಂದೇನು ಎಂದು ಅವನು ಕೇಳಿದ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

"ಸುಟ್ಟರ ಥಂಡಿ ಯಾರಿಗಿ ಆಗತೈತಿ?" ಅಂದಳು ಆಯಿ. ಹಾಗಾದರೆ ಕಾಲ ಕಡೆ ಹಚ್ಚೋಣ ಅಂದ ಹುಡುಗ. ಆಯಿ ಅವನ ಮಾರಿ ನೋಡಿದಳು, ಏನೂ ಅನ್ನಲಿಲ್ಲ.

ಅಂಚು ಮುಗಿದಿದೆ. ಮೂಲೆಗಳಲ್ಲಿ ನೀಲಿ ಕೂಡಿದೆ. ಒಳಸುತ್ತು ಇನ್ನೂ ಆರೇಳು ಇದೆ, ಮಾರ್ನಮಿಯೊಳಗೆ ಮುಗಿಸಬೇಕು. ಕೆಂಪು ತುಂಡನ್ನು ಆಯಿ ಮತ್ತೆ ಉಪ್ಪುನೀರಿಗೆ ಹಾಕಿದ್ದಾಳೆ. ಇಷ್ಟು ವರ್ಷವಾದರೂ ಅದು ಇನ್ನೂ ಬಣ್ಣ ಬಿಡುತ್ತಿದೆಯಂತೆ.